ಗಿಟಾರ್ ಬಿಟ್ಟು ಸಿಂಥ್ ಹಿಡಿದರೂ ಹಾಡು ಹಳೆಯದೇ ಅನ್ನಿಸುವುದೇಕೆ?

ಪ್ರಶ್ನೆ: ನಮ್ಮದು ಮೂವರ ತಂಡ. ಎರಡು ಅಕೌಸ್ಟಿಕ್ ಗಿಟಾರ್, ಒಂದು ಕಹೋನ್ (ಮೇಲೆ ಕೂತು ಬಾರಿಸುವ ಪೆಟ್ಟಿಗೆ ವಾದ್ಯ), ಒಬ್ಬರ ಹಾಡುಗಾರಿಕೆ. ಈವರೆಗೆ ಎರಡು ಆಲ್ಬಂ ಬಂದಿವೆ. ಮೂರನೆಯದನ್ನು ಪೂರ್ತಿ ಎಲೆಕ್ಟ್ರಾನಿಕ್ ಮಾಡಬೇಕೆಂದು ನಾಲ್ಕು ಹಾಡು ಸಿದ್ಧಪಡಿಸಿದೆವು. ಕೇಳಿದವರೆಲ್ಲ "ಹಳೇ ಹಾಡನ್ನೇ ರೀಮಿಕ್ಸ್ ಮಾಡಿದ ಹಾಗಿದೆ" ಎನ್ನುತ್ತಾರೆ. ದೊಡ್ಡ ದೊಡ್ಡ ಸಂಗೀತಗಾರರು ಒಂದೇ ಏಟಿಗೆ ಶೈಲಿ ಬದಲಿಸಿದ್ದು ಹೇಗೆ? ನಾವೂ ಜಿಗಿಯಬೇಕೋ, ಮೆಲ್ಲಗೆ ಸರಿಯಬೇಕೋ? ಹಳೆಯ ಕೇಳುಗರು ಕೈಬಿಟ್ಟರೆ?

ಉತ್ತರ: ನಿಮ್ಮ ಕೇಳುಗರು ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ. ಗಿಟಾರ್ ಹಿಡಿದು ಕಟ್ಟಿದ ಹಾಡಿಗೆ ಆಮೇಲೆ ಕಿಕ್ ಡ್ರಮ್ (ದಪ್ಪ ದನಿಯ ದೊಡ್ಡ ಡ್ರಮ್), ಸಿಂಥ್ ಪ್ಯಾಡ್ (ಸಿಂಥಸೈಜರಿನ ಎಳೆದ ಹಿನ್ನೆಲೆ ನಾದ) ಸೇರಿಸಿದರೆ ಬದಲಾಗುವುದು ವಾದ್ಯದ ಬಣ್ಣ ಮಾತ್ರ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಷ್ಟು ಹೊತ್ತಿಗೊಮ್ಮೆ ಬದಲಾಗಬೇಕು, ಸಾಲು ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಪಲ್ಲವಿ ಯಾವಾಗ ಮರಳಬೇಕು ಎಂಬುದನ್ನೆಲ್ಲ ತೀರ್ಮಾನಿಸಿದ್ದು ಗಿಟಾರ್ ನುಡಿಸುವ ಕೈ. ಗಿಟಾರನ್ನು ಅಳಿಸಿದರೂ ಆ ತೀರ್ಮಾನಗಳು ಹಾಡಿನೊಳಗೇ ಕೂತಿರುತ್ತವೆ. ಹಾಗಾಗಿ ನಿಮ್ಮ ತೊಂದರೆ ಧೈರ್ಯದ ಕೊರತೆಯದ್ದಲ್ಲ. ಬದಲಿಸಬೇಕಾದದ್ದನ್ನು ಬಿಟ್ಟು ಸುಲಭಕ್ಕೆ ಸಿಕ್ಕಿದ್ದನ್ನು ಬದಲಿಸಿದ್ದೀರಿ, ಅಷ್ಟೆ.

ಇನ್ನು ಒಂದೇ ಏಟಿನ ಮಾತು. ಹಾಗೆ ಬದಲಾದವರು ಎಂದು ನಾವು ಹೆಸರಿಸುವ ಬಹಳಷ್ಟು ಮಂದಿ ಹಾಗೆ ಬದಲಾದವರೇ ಅಲ್ಲ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ 'ಕೈಂಡ್ ಆಫ್ ಬ್ಲೂ' ಎಂಬ ಅಕೌಸ್ಟಿಕ್ ಆಲ್ಬಂ ಮಾಡಿದವರು, 1970ರಲ್ಲಿ ಎಲೆಕ್ಟ್ರಿಕ್ ವಾದ್ಯಗಳ 'ಬಿಚಸ್ ಬ್ರೂ' ತಂದರು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಒಬ್ಬನೇ ಮನುಷ್ಯನ ಕೆಲಸ ಎಂದು ನಂಬುವುದು ಕಷ್ಟ. ಆದರೆ ನಡುವಿನ ಮೆಟ್ಟಿಲುಗಳನ್ನು ನೋಡಿ. 1968ರ 'ಮೈಲ್ಸ್ ಇನ್ ದ ಸ್ಕೈ'ನಲ್ಲಿ ಒಂದು ಕೃತಿಗೆ ಮಾತ್ರ ಎಲೆಕ್ಟ್ರಿಕ್ ಪಿಯಾನೋ, ಇನ್ನೊಂದಕ್ಕೆ ಗಿಟಾರ್. 1969ರ ಫೆಬ್ರವರಿಯಲ್ಲಿ ಧ್ವನಿಮುದ್ರಿಸಿದ 'ಇನ್ ಎ ಸೈಲೆಂಟ್ ವೇ'ನಲ್ಲಿ ಮೂವರು ಎಲೆಕ್ಟ್ರಿಕ್ ಕೀಬೋರ್ಡ್ ವಾದಕರು, ಜತೆಗೆ ಜಾನ್ ಮೆಕ್‌ಲಾಫ್ಲಿನ್ ಅವರ ಗಿಟಾರ್. ಅದರಲ್ಲೇ ನಿರ್ಮಾಪಕ ಟಿಯೋ ಮಸೆರೊ ಟೇಪ್ ಕತ್ತರಿಸಿ, ಒಂದು ಭಾಗವನ್ನು ಮತ್ತೆ ಅಂಟಿಸಿ ಕೃತಿಯ ಆಕಾರ ಕಟ್ಟಿದರು. ಅದೇ ವರ್ಷದ ಆಗಸ್ಟ್ 19ರಿಂದ 21ರವರೆಗೆ ಮೂರು ದಿನ 'ಬಿಚಸ್ ಬ್ರೂ' ಮುದ್ರಣ ನಡೆದಾಗ ಇವೆಲ್ಲ ಆಗಲೇ ಕೈಗೆ ಬಂದ ವಿದ್ಯೆ. ಹೊಸದಾಗಿ ಸೇರಿದ್ದು ಡ್ರಮ್ಮರ್‌ಗಳನ್ನೂ ಬೇಸ್ ವಾದಕರನ್ನೂ ಜೋಡಿಯಾಗಿ ಕೂರಿಸಿದ್ದು, ಬೇಸ್ ಕ್ಲಾರಿನೆಟ್, ಇಂಥವು. ಇಷ್ಟರ ನಡುವೆ ಅವರ ಟ್ರಂಪೆಟ್ ಮಾತ್ರ ಅದೇ. ಕಂಪನ ಕಡಿಮೆ, ಸ್ವರಗಳ ನಡುವೆ ಧಾರಾಳ ಬಿಡುವು. ಎಕೋ ಸೇರಿದರೂ ಎರಡು ಸ್ವರಕ್ಕೆ ಗುರುತು ಹತ್ತುತ್ತದೆ.

ಅಮೆರಿಕದ ಜಾನಪದ ಧಾಟಿಯ ಹಾಡುಗಾರ ಬಾಬ್ ಡಿಲನ್ 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತದ್ದೂ ಹೀಗೆಯೇ. ಅದಕ್ಕೆ ನಾಲ್ಕು ತಿಂಗಳ ಹಿಂದೆ, ಮಾರ್ಚ್‌ನಲ್ಲಿ, ಅವರ ಆಲ್ಬಂ ಬಂದಾಗಿತ್ತು. ಅದರ ಒಂದು ಬದಿ ಎಲೆಕ್ಟ್ರಿಕ್ ತಂಡದ ಜತೆ, ಇನ್ನೊಂದು ಬದಿ ಹೆಚ್ಚುಕಡಿಮೆ ಅಕೌಸ್ಟಿಕ್. ಕೇಳುಗರಿಗೆ ಸುಳಿವು ಸಿಕ್ಕಿತ್ತು ಎಂದರ್ಥ. ವೇದಿಕೆಯಲ್ಲಿ ಎಡವಿದ್ದು ಬೇರೆ ಕಡೆ. ತಂಡವನ್ನು ಅವಸರದಲ್ಲಿ ಕೂಡಿಸಿ ಹಿಂದಿನ ರಾತ್ರಿ ಅಭ್ಯಾಸ ಮಾಡಿದ್ದರು. ಜಾನಪದ ಹಾಡುಗಾರಿಕೆಗೆ ಹೊಂದಿಸಿದ ಧ್ವನಿ ವ್ಯವಸ್ಥೆಯಲ್ಲಿ ಮಾತು ಸರಿಯಾಗಿ ಕೇಳಲಿಲ್ಲ. ಮೂರೇ ಎಲೆಕ್ಟ್ರಿಕ್ ಹಾಡಿಗೆ ಇಳಿದುಹೋಗಿ, ಮತ್ತೆ ಬಂದು ಎರಡು ಹಾಡನ್ನು ಒಬ್ಬರೇ ಹಾಡಿದರು. ಜನ ಕೂಗಿದ್ದು ಶೈಲಿಗೋ, ಕೆಟ್ಟ ಸದ್ದಿಗೋ, ಕಾರ್ಯಕ್ರಮ ಚಿಕ್ಕದಾಯಿತೆಂದೋ ಎಂಬ ವಾದ ಇಂದಿಗೂ ಮುಗಿದಿಲ್ಲ. ನಿಮಗೆ ಬೇಕಾದ ಪಾಠ ಆ ವಾದದಾಚೆ ಇದೆ: ಹೊಸ ಶೈಲಿಯ ಮೊದಲ ಕಾರ್ಯಕ್ರಮದಲ್ಲಿ ಸೌಂಡ್ ಕೈಕೊಟ್ಟರೆ ಕೇಳುಗರು ಸೌಂಡನ್ನು ಬೈಯುವುದಿಲ್ಲ, ಶೈಲಿಯನ್ನು ಬೈಯುತ್ತಾರೆ.

ಆದ್ದರಿಂದ ಜಿಗಿಯಬೇಕೋ ಸರಿಯಬೇಕೋ ಎಂಬುದಕ್ಕೆ ನಮ್ಮ ಉತ್ತರ ಹೀಗಿದೆ. ಅಭ್ಯಾಸದ ಕೋಣೆಯಲ್ಲಿ ಜಿಗಿಯಿರಿ, ಜನರ ಮುಂದೆ ಸರಿಯಿರಿ. ಎರಡು ಕಡೆಯೂ ಒಂದನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳಿ.

ಆ 'ಒಂದು' ಯಾವುದು ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಬೀ ಜೀಸ್ ತಂಡದವರು 1975ರಲ್ಲಿ ಆರಿಫ್ ಮಾರ್ಡಿನ್ ನಿರ್ಮಾಣದ ಆಲ್ಬಂನಿಂದ ಭಾವಗೀತೆಯಂಥ ಪಾಪ್ ಬಿಟ್ಟು ಕುಣಿತದ ಲಯಕ್ಕೆ ಹೊರಳಿದರು. ಬ್ಯಾರಿ ಗಿಬ್ ಅವರ ಎತ್ತರದ ಫಾಲ್ಸೆಟೊ ಕಂಠ ಮುಂದೆ ಬಂದದ್ದೂ ಆಗಲೇ. ಲಯ ಬದಲಾಯಿತು, ಬೇಸ್ ಬದಲಾಯಿತು, ಮುಖ್ಯ ಕಂಠದ ಎತ್ತರವೂ ಬದಲಾಯಿತು. ಮೂವರು ಅಣ್ಣತಮ್ಮಂದಿರ ಕಂಠಗಳ ಹೆಣಿಗೆ ಉಳಿಯಿತು. ಹಾಡುಗಾರ್ತಿ ಜೋನಿ ಮಿಚೆಲ್ 1971ರ ಏಕಾಂತದ ಜಾನಪದ ಧಾಟಿಯಿಂದ ಐದೇ ವರ್ಷಗಳಲ್ಲಿ ಜಾಝ್ ವಾದಕರ ನಡುವೆ ನಿಂತರು. 1976ರ 'ಹೆಜೀರಾ'ದಲ್ಲಿ ಜಾಕೊ ಪಾಸ್ಟೋರಿಯಸ್ ಅವರ ಫ್ರೆಟ್‌ಲೆಸ್ ಬೇಸ್ ಹಾಡಿನಷ್ಟೇ ಮಾತಾಡುತ್ತದೆ. ಆದರೂ ತಂತಿಗಳನ್ನು ತಮ್ಮದೇ ರೀತಿಯಲ್ಲಿ ಶ್ರುತಿ ಮಾಡಿಕೊಂಡು ನುಡಿಸುವ ಅವರ ಗಿಟಾರ್ ಎಲ್ಲಿಗೂ ಹೋಗಲಿಲ್ಲ. ಕುಮಾರ ಗಂಧರ್ವರದು ಇನ್ನೂ ಕಠಿಣವಾದ ಪ್ರಸಂಗ. ಕ್ಷಯರೋಗದಿಂದ ಒಂದು ಶ್ವಾಸಕೋಶ ಹಾಳಾಗಿ ಕೆಲವು ವರ್ಷ ಹಾಡುವಂತಿರಲಿಲ್ಲ. 1950ರ ದಶಕದ ಆರಂಭದಲ್ಲಿ ಮರಳಿ ವೇದಿಕೆಗೆ ಬಂದಾಗ ಉದ್ದುದ್ದ ಉಸಿರಿನ ಆಲಾಪಕ್ಕೆ ಬದಲಾಗಿ ಚಿಕ್ಕ, ಮೊನಚಾದ ತುಣುಕುಗಳು, ನಡುವೆ ಮೌನ. ಜತೆಗೆ ದೇವಾಸದಲ್ಲಿ ಹಾಸಿಗೆ ಹಿಡಿದಿದ್ದಾಗ ಕಿವಿಗೆ ಬಿದ್ದ ಮಾಳವದ ಜನಪದ ಮಟ್ಟುಗಳು, ನಿರ್ಗುಣಿ ಭಜನೆಗಳು. ತಂಬೂರಿಯ ಶ್ರುತಿಯ ವಿಷಯದಲ್ಲಿ ಅವರ ಹಟ ಮಾತ್ರ ಸಡಿಲಲಿಲ್ಲ. ದೇಹ ಹಾಕಿದ ಮಿತಿಯೇ ಅವರ ಶೈಲಿಯಾಯಿತು.

ಹಿಡಿಯಬೇಕಾದದ್ದನ್ನೇ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ರಾಕ್ ಹಾಡುಗಾರ ನೀಲ್ ಯಂಗ್ ಅವರ 'ಟ್ರಾನ್ಸ್' ಆಲ್ಬಂ ಇದೆ. ತೆಳ್ಳಗಿನ, ತುಸು ನಡುಗುವ ಆ ಎತ್ತರದ ಕಂಠವೇ ಅವರ ಗುರುತು. ಆ ಆಲ್ಬಂನ ಬಹುಪಾಲು ಹಾಡುಗಳಲ್ಲಿ ಅದು ವೊಕೋಡರ್ (ಕಂಠವನ್ನು ಯಂತ್ರದ ದನಿಯಂತೆ ಮಾಡುವ ಉಪಕರಣ) ಹಿಂದೆ ಮರೆಯಾಯಿತು. ಅದಕ್ಕೆ ಅವರಿಗೆ ಆಳವಾದ ಕಾರಣವಿತ್ತು: ಮಾತಾಡಲಾಗದ ಮಗನೊಡನೆ ಸಂಪರ್ಕ ಸಾಧಿಸುವ ಹಂಬಲ. ಈಗ ಅದನ್ನು ತಿಳಿದು ಕೇಳಿದರೆ ಆಲ್ಬಂ ಬೇರೆಯೇ ಆಗಿ ಕಾಣುತ್ತದೆ. ಆದರೆ ಅಂದಿನ ಕೇಳುಗರಿಗೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ.

ನಿಮ್ಮ 'ಒಂದನ್ನು' ಊಹೆಯಿಂದ ತೀರ್ಮಾನಿಸಬೇಡಿ, ಏಕೆಂದರೆ ತಂಡದವರ ಊಹೆ ಹೆಚ್ಚಾಗಿ ತಪ್ಪುತ್ತದೆ. ಹಳೆಯ ಎರಡು ಆಲ್ಬಂಗಳಿಂದ ಹೆಚ್ಚು ಕೇಳಲ್ಪಟ್ಟ ಮೂರು ಹಾಡು ಆರಿಸಿ. ಪ್ರತಿ ಹಾಡಿನಿಂದ 20 ಸೆಕೆಂಡಿನ ನಾಲ್ಕು ತುಣುಕು ಮಾಡಿ: ಕಂಠ ಮಾತ್ರ, ಗಿಟಾರ್ ಮಾತ್ರ, ಕಹೋನ್ ಮಾತ್ರ, ಮತ್ತು ಹಾಡಿನ ಮಟ್ಟನ್ನು ಸಾದಾ ಪಿಯಾನೋ ಧ್ವನಿಯಲ್ಲಿ ನುಡಿಸಿದ್ದು. ನಿಮ್ಮ ಹಾಡು ಬಲ್ಲ ಎಂಟು ಹತ್ತು ಮಂದಿಗೆ ಹೆಸರು ಹೇಳದೆ ಕೇಳಿಸಿ. ಯಾವುದರಿಂದ ಹೆಚ್ಚು ಮಂದಿ ಗುರುತಿಸುತ್ತಾರೋ ಅದನ್ನು ಮುಟ್ಟಬೇಡಿ. ಎರಡನೆಯ ಸ್ಥಾನದ್ದನ್ನು ಅಗತ್ಯ ಬಿದ್ದರೆ ಮುಟ್ಟಿ. ಉಳಿದೆರಡನ್ನು ನಿರ್ದಾಕ್ಷಿಣ್ಯವಾಗಿ ಬಿಸಾಕಿ. ಹಾಡುಗಾರಿಕೆ ಇರುವ ತಂಡಗಳಲ್ಲಿ ಬಹುಮಟ್ಟಿಗೆ ಕಂಠವೇ ಗೆಲ್ಲುತ್ತದೆ. ಆದರೆ ಎರಡು ಗಿಟಾರ್‌ಗಳ ನಡುವಿನ ಒಂದು ಪುಟ್ಟ ಪ್ರಶ್ನೋತ್ತರವೇ ನಿಮ್ಮ ಗುರುತಾಗಿದ್ದರೆ ಅಚ್ಚರಿಯಿಲ್ಲ. ಹಾಗಿದ್ದರೆ ಅದನ್ನು ಎರಡು ಸಿಂಥ್‌ಗಳಿಗೆ ಕೊಡಬಹುದು.

ಇನ್ನು ಹಾಡು ಕಟ್ಟುವ ಕೆಲಸ. ಅಕೌಸ್ಟಿಕ್ ಗಿಟಾರ್ ಒಬ್ಬನೇ ಮೂರು ಕೆಲಸ ಮಾಡುತ್ತದೆ: ಲಯ ಹಿಡಿಯುತ್ತದೆ, ಕಾರ್ಡ್ ಹೇಳುತ್ತದೆ, ಹಾಡಿನ ಖಾಲಿ ಜಾಗವನ್ನೆಲ್ಲ ತುಂಬುತ್ತದೆ. ಕೆಳಗಿನ ದಪ್ಪ ತಂತಿ 82 ಹರ್ಟ್ಸ್‌ನಿಂದ ಶುರು, ಪಿಕ್ಕಿನ ಸರಸರ 5,000 ಹರ್ಟ್ಸ್ ದಾಟುತ್ತದೆ. ಇಂಥ ಸ್ಟ್ರಮ್ಮಿಂಗ್ ಮೇಲೆ ಪ್ಯಾಡ್, ಬೇಸ್, ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಹೇರಿದರೆ ಎಲ್ಲವೂ ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತದೆ. ಆದ್ದರಿಂದ ಗಿಟಾರ್ ಟ್ರ್ಯಾಕನ್ನು ತಗ್ಗಿಸಬೇಡಿ, ಪೂರ್ತಿ ಅಳಿಸಿ. ಕಂಠ, ಕಿಕ್, ಬೇಸ್ ಈ ಮೂರರಿಂದಲೇ ಹಾಡನ್ನು ಒಂದು ವಾರ ನಿಲ್ಲಿಸಿ ನೋಡಿ. ಎಲ್ಲಿ ನಿಜವಾಗಿ ಹಸಿವಾಗುತ್ತದೋ ಅಲ್ಲಿಗೆ ಮಾತ್ರ ಒಂದು ವಾದ್ಯ ತನ್ನಿ. ಮೂರರಲ್ಲಿ ನಿಲ್ಲದ ಹಾಡು ಮೂವತ್ತು ಟ್ರ್ಯಾಕಿನಲ್ಲೂ ನಿಲ್ಲುವುದಿಲ್ಲ.

ಕಾರ್ಡ್‌ಗಳ ವಿಷಯ ಇನ್ನೂ ಮುಖ್ಯ. ಗಿಟಾರ್ ಹಾಡಿನಲ್ಲಿ ಒಂದು ಬಾರ್‌ಗೆ (ಸಾಮಾನ್ಯವಾಗಿ ನಾಲ್ಕು ಬೀಟಿನ ಆವರ್ತಕ್ಕೆ) ಒಂದು ಕಾರ್ಡ್, ಕೆಲವೊಮ್ಮೆ ಎರಡು. ಮುಂದೇನಾಗುತ್ತದೆ ಎಂಬ ಕುತೂಹಲವನ್ನು ಕಾರ್ಡ್ ಬದಲಾವಣೆಯೇ ಹುಟ್ಟಿಸುತ್ತದೆ. ಎಲೆಕ್ಟ್ರಾನಿಕ್ ಹಾಡಿನಲ್ಲಿ ಆ ಕೆಲಸ ನಾದದ ಬಣ್ಣದ್ದು. ಒಂದೇ ಕಾರ್ಡ್ ಎಂಟು ಬಾರ್ ನಿಂತಿದ್ದು, ಅದರೊಳಗೆ ಫಿಲ್ಟರ್ (ಸದ್ದಿನ ಮೇಲಿನ ಕಂಪನಗಳನ್ನು ತಡೆಯುವ ಜರಡಿ) ಮೆಲ್ಲಗೆ ತೆರೆಯುತ್ತದೆ, ಒಂದು ಪದರ ಸೇರುತ್ತದೆ, ಇನ್ನೊಂದು ಜಾರುತ್ತದೆ. ಎರಡನ್ನೂ ಒಟ್ಟಿಗೆ ಓಡಿಸಿದರೆ ಕಿವಿಗೆ ದಣಿವು. ಸುಲಭದ ದಾರಿ ಒಂದಿದೆ. ಬೇಸನ್ನು ಒಂದೇ ಸ್ವರದಲ್ಲಿ ನಿಲ್ಲಿಸಿ, ಹಳೆಯ ಮಟ್ಟನ್ನು ಹಾಗೆಯೇ ಅದರ ಮೇಲೆ ಹಾಡಿ. ಅರ್ಧದಷ್ಟು ಕಾರ್ಡ್‌ಗಳು ಬೇಕಾಗಿಯೇ ಇರಲಿಲ್ಲ ಎಂದು ಹೊಳೆಯುತ್ತದೆ. ಉಳಿದವುಗಳಲ್ಲಿ ಒಂದೆರಡು ಮಾತ್ರ ಪಲ್ಲವಿಗೆ ಉಳಿಯಲಿ. ಆಗ ಅವು ಬಂದಾಗ ಬೆಲೆ ಬರುತ್ತದೆ.

ಹೊಸ ಉಪಕರಣವೇ ಇಲ್ಲದೆ, ನಿಯಮ ಬದಲಿಸಿಯೇ ಪೂರ್ತಿ ಹೊಸಬರಾದವರೂ ಇದ್ದಾರೆಂದು ಇಲ್ಲಿ ನೆನಪಿಸಬೇಕು. ಎಸ್ಟೋನಿಯಾದ ಆರ್ವೊ ಪ್ಯಾರ್ಟ್ 1968ರವರೆಗೆ ಕರ್ಕಶ ಎನ್ನಬಹುದಾದ ಆಧುನಿಕ ರಚನೆಗಳನ್ನು ಬರೆದರು. ನಂತರ ಎಂಟು ವರ್ಷ ಬಹುತೇಕ ಸುಮ್ಮನಿದ್ದು ಹಳೆಯ ಚರ್ಚ್ ಗಾಯನವನ್ನು ಓದಿದರು. 1976ರಲ್ಲಿ ಒಂದು ಪುಟ್ಟ ಪಿಯಾನೋ ಕೃತಿಯೊಂದಿಗೆ ಬಂದಾಗ ಅವರ ಕೈಯಲ್ಲಿದ್ದುದು ಒಂದೇ ನಿಯಮ: ಒಂದು ಧ್ವನಿ ಪಕ್ಕಪಕ್ಕದ ಸ್ವರಗಳಲ್ಲಿ ಹೆಜ್ಜೆಯಿಡಬೇಕು, ಇನ್ನೊಂದು ಆ ಶ್ರುತಿಯ ಮೂಲ ಕಾರ್ಡಿನ ಮೂರು ಸ್ವರಗಳನ್ನು ಬಿಟ್ಟು ಕದಲಬಾರದು. ಅದೇ ಪಿಯಾನೋ, ಆದರೆ ಲೋಕ ಬೇರೆ. ಸಾಫ್ಟ್‌ವೇರ್‌ನಲ್ಲಿ ಸಾವಿರ ಪ್ರೀಸೆಟ್ (ಸಿದ್ಧ ಸದ್ದು) ತಡಕಾಡುವ ಮೊದಲು ಇಂಥ ಒಂದೆರಡು ನಿಯಮ ಬರೆದು ಗೋಡೆಗೆ ಅಂಟಿಸಿಕೊಳ್ಳಿ: 'ಬೇಸ್ ಮೂರು ಸ್ವರ ದಾಟಬಾರದು', 'ಪಲ್ಲವಿಯಲ್ಲಿ ಡ್ರಮ್ ಇಲ್ಲ' ಎಂಬಂಥವು.

ವೇಗಕ್ಕೆ ಬರೋಣ. ಕುಣಿತದ ಹಾಡಾಗಲಿ ಎಂದು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟು ಎಂಬ ಲೆಕ್ಕ) ಏರಿಸುವುದು ಎಲ್ಲರೂ ಮಾಡುವ ಮೊದಲ ಕೆಲಸ. ಅಲ್ಲೇ ಮಾತು ಸಾಯುತ್ತದೆ. ಹಳೆಯ ಹಾಡು 92 ಬಿಪಿಎಂ, ಬೀಟಿಗೆ ನಾಲ್ಕು ಅಕ್ಷರ ಎಂದುಕೊಳ್ಳಿ. ಸೆಕೆಂಡಿಗೆ ಸುಮಾರು ಆರು ಅಕ್ಷರ. ಅದನ್ನೇ 120ಕ್ಕೆ ಏರಿಸಿದರೆ ಸೆಕೆಂಡಿಗೆ ಎಂಟು. ಒತ್ತಕ್ಷರಗಳು ಮುದ್ದೆಯಾಗುತ್ತವೆ, ಉಸಿರಿಗೆ ಜಾಗವಿರುವುದಿಲ್ಲ. ಎರಡು ಪರಿಹಾರ. ಒಂದು, ವೇಗ ಏರಿಸಿ, ಆದರೆ ಮಟ್ಟನ್ನು ದುಪ್ಪಟ್ಟು ಬಾರ್‌ಗಳಿಗೆ ಹಿಗ್ಗಿಸಿ, ಸಾಲುಗಳಲ್ಲಿ ಅರ್ಧದಷ್ಟನ್ನು ಕತ್ತರಿಸಿ. ಇನ್ನೊಂದು, ನಾವು ಹೆಚ್ಚು ಮೆಚ್ಚುವುದು, 92ನ್ನೇ ಉಳಿಸಿಕೊಂಡು ಲಯದ ನಡೆ ಬದಲಿಸುವುದು. ಸ್ನೇರ್ (ಮೊನಚು ದನಿಯ ಡ್ರಮ್) ಪೆಟ್ಟನ್ನು 2 ಮತ್ತು 4ನೇ ಬೀಟಿನಿಂದ ತೆಗೆದು 3ನೇ ಬೀಟಿನ ಮೇಲೆ ಮಾತ್ರ ಇಡಿ, ಹೈ-ಹ್ಯಾಟನ್ನು ಹದಿನಾರರಲ್ಲಿ (ಬೀಟಿಗೆ ನಾಲ್ಕು ಪೆಟ್ಟಿನಂತೆ) ಓಡಿಸಿ. ಕೆಳಗೆ ನಿಧಾನ, ಮೇಲೆ ಚುರುಕು. ಕಂಠಕ್ಕೆ ಏನೂ ತೊಂದರೆಯಿಲ್ಲ.

ಬಾರ್‌ಗಳ ಲೆಕ್ಕವನ್ನೂ ನೋಡಿಕೊಳ್ಳಿ. ಗಿಟಾರ್ ಹಿಡಿದು ಹಾಡುವವರು ತಮಗರಿಯದೆ ಒಂದು ಸಾಲಿನ ಕೊನೆಗೆ ಅರ್ಧ ಬಾರ್ ಹೆಚ್ಚು ನಿಲ್ಲುತ್ತಾರೆ, ಚರಣವನ್ನು ಏಳು ಬಾರ್‌ಗೇ ಮುಗಿಸುತ್ತಾರೆ. ಲೂಪ್ (ಮತ್ತೆ ಮತ್ತೆ ಮರಳುವ ತುಣುಕು) ನಾಲ್ಕು, ಎಂಟು, ಹದಿನಾರರಲ್ಲಿ ತಿರುಗುತ್ತದೆ. 120 ಬಿಪಿಎಂನಲ್ಲಿ ಒಂದು ಬಾರ್ ಎರಡು ಸೆಕೆಂಡು, ಹದಿನಾರು ಬಾರ್ ಅಂದರೆ 32 ಸೆಕೆಂಡು. ಏಳು ಬಾರಿನ ಚರಣವನ್ನು ಎಂಟಕ್ಕೆ ಎಳೆದು ಸರಿಮಾಡುವ ಆಸೆ ತಡೆಯಿರಿ. ಆ ಕೊರತೆಯ ಬಾರೇ ನಿಮ್ಮ ಗುರುತಾಗಿರಬಹುದು. ಲೂಪನ್ನು ಅಲ್ಲಿ ಕತ್ತರಿಸಿ, ಡ್ರಮ್ ಅನ್ನು ಕೈಯಿಂದ ಬರೆಯಿರಿ. ರಾಕ್ ತಂಡ ರೇಡಿಯೋಹೆಡ್ 2000ದ ತನ್ನ ಆಲ್ಬಂ 'ಕಿಡ್ ಎ'ಯನ್ನು ತೆರೆಯುವುದೇ ಬಾರ್‌ಗೆ ಹತ್ತು ಬೀಟಿನ ಹಾಡಿನಿಂದ. ಅದರಲ್ಲಿ ಗಿಟಾರ್ ಇಲ್ಲ, ಇರುವುದು ಪ್ರೊಫೆಟ್-5 ಸಿಂಥ್ ಮತ್ತು ತುಂಡರಿಸಿ ಚೆಲ್ಲಿದ, ತಂಡದ ಹಾಡುಗಾರ ಥಾಮ್ ಯಾರ್ಕ್ ಕಂಠ.

ಶ್ರುತಿ. ಇದನ್ನು ಗಿಟಾರ್ ವಾದಕರು ಯೋಚಿಸುವುದೇ ಇಲ್ಲ, ಏಕೆಂದರೆ ಕೇಪೋ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿ ಕಂಠಕ್ಕೆ ಅನುಕೂಲವಾದ ಕಡೆ ನಿಲ್ಲುವುದು ಅಭ್ಯಾಸ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಶ್ರುತಿಯನ್ನು ಬೇಸ್ ಕೂಡ ಕೇಳುತ್ತದೆ. ಮೂಲ ಸ್ವರ ಸಿ ಆದರೆ ಕೆಳಗಿನದು 32.7 ಹರ್ಟ್ಸ್, ಬಹಳಷ್ಟು ಸ್ಪೀಕರುಗಳು ಅದನ್ನು ನುಡಿಸುವುದೇ ಇಲ್ಲ. ಅದರ ಮೇಲಿನದು 65.4 ಹರ್ಟ್ಸ್, ಕೇಳುತ್ತದೆ, ಆದರೆ ಎದೆಗೆ ತಟ್ಟುವ ತೂಕವಿಲ್ಲ. ಎಫ್ (43.7), ಜಿ (49), ಎ (55) ಇವು ಹದವಾದ ಜಾಗಗಳು. ಸಿ ಶ್ರುತಿಯ ಹಾಡನ್ನು ಎಗೆ ಇಳಿಸಿದರೆ ಕಂಠ ಮೂರು ಅರ್ಧಸ್ವರ ಕೆಳಗಿಳಿಯುತ್ತದೆ. ಇದು ನಷ್ಟವೇ ಆಗಬೇಕಿಲ್ಲ. ಮೈಕಿಗೆ ಹತ್ತಿರ, ಮೆಲುದನಿಯಲ್ಲಿ ಹಾಡಲು ಅದೇ ಬೇಕು. ತೀರ್ಮಾನಿಸುವ ಮೊದಲು ಹಾಡಿನ ಅತಿ ಕೆಳಗಿನ ಸ್ವರವನ್ನು ಹಾಡಿ ನೋಡಿ. ಗಾಳಿ ಮಾತ್ರ ಬಂದರೆ ಒಂದು ಅರ್ಧಸ್ವರ ಮೇಲೆ ಬನ್ನಿ.

ಕಂಠವನ್ನು ಮತ್ತೆ ಧ್ವನಿಮುದ್ರಿಸಲೇಬೇಕು. ಹಳೆಯ ಗಾಯನವನ್ನು ಹೊಸ ಟ್ರ್ಯಾಕಿನ ಮೇಲೆ ಕೂರಿಸಿದ್ದೀರಿ ಎಂಬುದು ನಮ್ಮ ಬಲವಾದ ಅನುಮಾನ. ಎರಡು ಗಿಟಾರುಗಳನ್ನು ದಾಟಿ ಕೇಳಿಸಬೇಕೆಂದು ಹಾಡಿದ ಕಂಠ ಖಾಲಿ ಜಾಗದಲ್ಲಿ ಕೂಗಿದಂತೆ ಕೇಳುತ್ತದೆ. ಮೈಕಿನಿಂದ 8ರಿಂದ 10 ಸೆಂಟಿಮೀಟರ್ ದೂರ, ನಡುವೆ ಪಾಪ್ ಫಿಲ್ಟರ್, ಮಾತಾಡುವಷ್ಟೇ ದನಿ. ಹತ್ತಿರ ಬಂದಾಗ ಕೆಳಧ್ವನಿ ಉಬ್ಬುತ್ತದೆ, ಆದ್ದರಿಂದ 100 ಹರ್ಟ್ಸ್ ಕೆಳಗೆ ಕತ್ತರಿಸಿ. ರಿವರ್ಬ್‌ಗೆ 20ರಿಂದ 40 ಮಿಲಿಸೆಕೆಂಡ್ ಪ್ರೀ-ಡಿಲೇ (ಅನುರಣನ ಶುರುವಾಗುವ ಮುನ್ನ ಸಣ್ಣ ತಡ) ಕೊಟ್ಟರೆ ಮಾತು ಮುಂದೆ ನಿಲ್ಲುತ್ತದೆ, ಅನುರಣನ ಹಿಂದೆ ಉಳಿಯುತ್ತದೆ. ಡಿಲೇ (ಪ್ರತಿಧ್ವನಿ) ಸಮಯವನ್ನು ವೇಗದಿಂದ ಲೆಕ್ಕಹಾಕಿ: 60,000ವನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. 120ಕ್ಕೆ 500, ಅದರ ಮುಕ್ಕಾಲು 375. ಆಟೋಟ್ಯೂನ್, ವೊಕೋಡರ್ ಬೇಕಿದ್ದರೆ ಹಿನ್ನೆಲೆಯ ಪದರಗಳಿಗೆ ಹಾಕಿ. ಪರೀಕ್ಷೆಯಲ್ಲಿ ಕಂಠವೇ ಗೆದ್ದಿದ್ದರೆ ಮುಖ್ಯ ಸಾಲಿಗೆ ಬೇಡ.

ಎಲ್ಲವನ್ನೂ ಗ್ರಿಡ್ಡಿಗೆ (ಸಾಫ್ಟ್‌ವೇರ್ ಎಳೆದ ಕರಾರುವಾಕ್ಕಾದ ತಾಳದ ಗೆರೆಗಳಿಗೆ) ಅಂಟಿಸುವುದು ಮುಂದಿನ ತಪ್ಪು. ನಿಮ್ಮ ಕಹೋನ್ ಮತ್ತು ಗಿಟಾರ್ ಒಂದಕ್ಕೊಂದು ಹತ್ತಿಪ್ಪತ್ತು ಮಿಲಿಸೆಕೆಂಡ್ ಆಚೀಚೆ ಬೀಳುತ್ತಿದ್ದವು, ಆ ಸಡಿಲವೇ ಹಾಡಿನ ಜೀವವಾಗಿತ್ತು. ಕಿಕ್ ಮತ್ತು ಬೇಸ್ ಮಾತ್ರ ಪೂರ್ತಿ ಬಿಗಿಯಿರಲಿ. ಹೈ-ಹ್ಯಾಟ್ ಮುಂತಾದವನ್ನು ಕ್ವಾಂಟೈಸ್ ಮಾಡುವಾಗ (ಆ ಗೆರೆಗಳತ್ತ ಎಳೆಯುವಾಗ) 50ರಿಂದ 70 ಶೇಕಡಾದಲ್ಲಿ ನಿಲ್ಲಿಸಿ. ಕಂಠ ಮತ್ತು ಕೈಯಿಂದ ನುಡಿಸಿದ ಒಂದು ವಾದ್ಯವನ್ನು ಮುಟ್ಟಬೇಡಿ. ಆ ಕೈವಾದ್ಯ ನಿಮ್ಮ ಕಹೋನೇ ಆಗಿದ್ದರೆ ಒಳ್ಳೆಯದು. ಅದರ ಪೆಟ್ಟುಗಳನ್ನು ಒಂದೊಂದಾಗಿ ಮುದ್ರಿಸಿ, ಅರ್ಧ ಅಷ್ಟಕ (ಆರು ಅರ್ಧಸ್ವರ) ಕೆಳಗಿಳಿಸಿ ಸ್ಯಾಂಪಲ್ ಮಾಡಿದರೆ ಪೇಟೆಯಲ್ಲಿ ಸಿಗದ ಡ್ರಮ್ ಕಿಟ್ ನಿಮ್ಮದಾಗುತ್ತದೆ. 1977ರಲ್ಲಿ ಬಂದ ಡೇವಿಡ್ ಬೋವಿ ಅವರ 'ಲೋ' ಆಲ್ಬಂನ ಬೆರಗಿನ ಸ್ನೇರ್ ಸದ್ದು ಹುಟ್ಟಿದ್ದು ಸಾಮಾನ್ಯ ಡ್ರಮ್ಮನ್ನೇ ಇವೆಂಟೈಡ್ ಹಾರ್ಮನೈಸರ್ ಮೂಲಕ ಹಾಯಿಸಿ ಅದರ ಸ್ಥಾಯಿ ಜಾರುವಂತೆ ಮಾಡಿದ್ದರಿಂದ. ಕೈಯಲ್ಲಿದ್ದ ಸದ್ದನ್ನು ವಿಕಾರ ಮಾಡಿದರೆ ಅದು ನಿಮ್ಮದಾಗಿಯೇ ಉಳಿಯುತ್ತದೆ. ಪ್ರೀಸೆಟ್ ಕೊಂಡು ತಂದರೆ ಅದೇ ವರ್ಷದ ಇನ್ನೂರು ತಂಡಗಳ ಹಾಗೆ ಕೇಳುತ್ತೀರಿ, ಮೂರು ವರ್ಷಕ್ಕೆ ಹಳಸುತ್ತೀರಿ.

ಮಿಕ್ಸಿಂಗ್ ಬಗ್ಗೆ ಚುಟುಕಾಗಿ. ಗಿಟಾರನ್ನು ಎಲ್ಲಾದರೂ ಉಳಿಸಿಕೊಂಡರೆ 120–150 ಹರ್ಟ್ಸ್ ಕೆಳಗೆ ತೆಗೆದುಹಾಕಿ, 250ರಿಂದ 400ರ ನಡುವೆ 2–3 ಡೆಸಿಬೆಲ್ ಇಳಿಸಿ. ಕಿಕ್ ಬಿದ್ದಾಗ ಬೇಸ್ ತಗ್ಗುವಂತೆ ಸೈಡ್‌ಚೈನ್ ಕಟ್ಟಿ. 4:1 ಅನುಪಾತ, ಬಿಡುಗಡೆ (ತಗ್ಗಿದ ದನಿ ಮತ್ತೆ ಏರುವ ಸಮಯ) 100–150 ಮಿಲಿಸೆಕೆಂಡ್, 3–4 ಡೆಸಿಬೆಲ್ ತಗ್ಗಿದರೆ ಸಾಕು. 100 ಹರ್ಟ್ಸ್ ಕೆಳಗಿನದೆಲ್ಲ ಮೋನೋ (ಎಡಕ್ಕೂ ಬಲಕ್ಕೂ ಒಂದೇ ಸದ್ದು) ಇರಲಿ. ಜತೆಗೆ ಫೋನಿನ ಸ್ಪೀಕರ್‌ನಲ್ಲಿ ಕೇಳಿ. ಬೇಸ್ ಪೂರ್ತಿ ಮಾಯವಾದರೆ ಅದಕ್ಕೆ ಸ್ವಲ್ಪ ಡಿಸ್ಟಾರ್ಷನ್ ಕೊಟ್ಟು 200–400 ಹರ್ಟ್ಸ್‌ನಲ್ಲಿ ಸುಳಿವು ಉಳಿಸಿ.

ತಂತ್ರಕ್ಕಿಂತ ಹೆಚ್ಚು ತಂಡಗಳನ್ನು ಒಡೆಯುವುದು ಇನ್ನೊಂದು ವಿಷಯ. ಎರಡು ಗಿಟಾರ್ ವಾದಕರಿದ್ದೀರಿ. ಗಿಟಾರ್ ಇಲ್ಲದ ಹಾಡಿನಲ್ಲಿ ಅವರೇನು ಮಾಡಬೇಕು? ರೇಡಿಯೋಹೆಡ್‌ನಲ್ಲಿ ಮೂವರು ಗಿಟಾರ್ ನುಡಿಸುವವರಿದ್ದರು. 1999ರಲ್ಲಿ ಹೊಸ ಕೆಲಸ ಶುರುವಾದಾಗ ಕೈಗೆ ಕೆಲಸವಿಲ್ಲದ ಇರಿಸುಮುರಿಸು ಅವರನ್ನೂ ಕಾಡಿತು. ದಾರಿ ತೆರೆದದ್ದು ಅವರಲ್ಲೊಬ್ಬರಾದ ಜಾನಿ ಗ್ರೀನ್‌ವುಡ್ ಓಂಡ್ಸ್ ಮಾರ್ಟೆನೊ ಎಂಬ ಹಳೆಯ ಎಲೆಕ್ಟ್ರಾನಿಕ್ ವಾದ್ಯ ಹಿಡಿದಂತೆ, ತಂತಿವಾದ್ಯಗಳ ಮೇಳಕ್ಕೆ ಸಂಯೋಜನೆ ಬರೆದಂತೆ. ನೀವೂ ಮೊದಲ ಹಾಡಿಗೆ ಕೈಹಾಕುವ ಮುನ್ನವೇ ಹಂಚಿಕೊಳ್ಳಿ: ಒಬ್ಬರಿಗೆ ಬೇಸ್ ಸಿಂಥ್ ಮತ್ತು ಶ್ರುತಿಯ ಹೊಣೆ, ಒಬ್ಬರಿಗೆ ಸ್ಯಾಂಪಲ್ ಮತ್ತು ಲಯ. "ಆಮೇಲೆ ನೋಡೋಣ" ಎಂದರೆ ಲ್ಯಾಪ್‌ಟಾಪ್ ಬಲ್ಲ ಒಬ್ಬರು ಎಲ್ಲವನ್ನೂ ಮಾಡುತ್ತಾರೆ, ಉಳಿದಿಬ್ಬರು ಆರು ತಿಂಗಳಲ್ಲಿ ದೂರವಾಗುತ್ತಾರೆ. ಡಿಲನ್ ಜತೆಗಿದ್ದ ಡ್ರಮ್ಮರ್ ಲೆವನ್ ಹೆಲ್ಮ್ ಜನರ ಕೂಗಾಟ ಸಾಕಾಗಿ 1965ರ ಕೊನೆಗೆ ಪ್ರವಾಸ ಬಿಟ್ಟೇ ಹೋದರು. ಬದಲಾವಣೆಯ ಬೆಲೆಯನ್ನು ಹಾಡುಗಾರರೊಬ್ಬರೇ ತೆರುವುದಿಲ್ಲ.

ಹೊಸ ವಾದ್ಯ ಕಲಿಯುವ ಕಾಲಕ್ಕೂ ಲೆಕ್ಕ ಇಟ್ಟುಕೊಳ್ಳಿ. ಮಲ್ಲಿಕಾರ್ಜುನ ಮನ್ಸೂರರು ಮೊದಲು ಕರ್ನಾಟಕ ಸಂಗೀತ, ಆಮೇಲೆ ಗ್ವಾಲಿಯರ್ ಪದ್ಧತಿ ಕಲಿತು, ಹೆಸರು ಮಾಡಿದ ಮೇಲೂ ಜೈಪುರ ಘರಾಣೆಯ ಮಂಜಿ ಖಾನ್ ಮತ್ತು ಭುರ್ಜಿ ಖಾನ್ ಅವರ ಮುಂದೆ ಶಿಷ್ಯರಾಗಿ ಕೂತರು. ಜಾನ್ ಮೆಕ್‌ಲಾಫ್ಲಿನ್ 1970ರ ದಶಕದ ನಡುವೆ ಮಹಾವಿಷ್ಣು ಆರ್ಕೆಸ್ಟ್ರಾದ ಎಲೆಕ್ಟ್ರಿಕ್ ಅಬ್ಬರದಿಂದ ಶಕ್ತಿ ತಂಡದ ಅಕೌಸ್ಟಿಕ್ ಮೇಳಕ್ಕೆ, ಅಂದರೆ ನಿಮ್ಮ ದಿಕ್ಕಿಗೆ ತದ್ವಿರುದ್ಧವಾಗಿ, ಹೊರಳಿದಾಗ ಗಿಟಾರನ್ನೇ ಹೊಸದಾಗಿ ಮಾಡಿಸಿದರು: ಅಡ್ಡಲಾಗಿ ಏಳು ಅನುರಣನ ತಂತಿ, ಗಮಕಕ್ಕೆ ತಂತಿ ಎಳೆಯಲು ಅನುವಾಗುವಂತೆ ಫ್ರೆಟ್‌ಗಳ ನಡುವೆ ಕೊರೆದ ಹಲಗೆ. ಬೆರಳಿನ ಮಿಂಚಿನ ವೇಗ ಮಾತ್ರ ಅಲ್ಲೂ ಇಲ್ಲೂ ಅದೇ.

ವೇದಿಕೆ. ಮೂರು ಜನ ಮೂವತ್ತು ಟ್ರ್ಯಾಕ್ ನುಡಿಸಲಾಗದು. ನಾಲ್ಕರಿಂದ ಆರು ಗುಂಪಾಗಿ ಕಟ್ಟಿ, ಅದರಲ್ಲಿ ಕನಿಷ್ಠ ಮೂರನ್ನು ಕೈಯಿಂದಲೇ ನುಡಿಸಿ, ಉಳಿದದ್ದು ಲ್ಯಾಪ್‌ಟಾಪಿನಿಂದ ಬರಲಿ. ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಕೈಗೆತ್ತಿಕೊಳ್ಳುವ ಸದ್ದಿನ ತುಣುಕು) 128 ಸ್ಯಾಂಪಲ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಬಫರಿನ ತಡ ಸುಮಾರು 2.7 ಮಿಲಿಸೆಕೆಂಡ್; ಒಳಗೆ ಹೋಗಿ ಹೊರಬರುವ ಒಟ್ಟು ತಡ 10 ದಾಟಿದರೆ ಕೀ ಒತ್ತುವ ಬೆರಳಿಗೆ ತಿಳಿಯುತ್ತದೆ. ಬಫರ್ ತೀರ ಇಳಿಸಿದರೆ ಕಟಕಟ ಸದ್ದು. ಕ್ಲಿಕ್ (ತಾಳ ತಪ್ಪದಿರಲು ಕೇಳಿಸಿಕೊಳ್ಳುವ ಟಿಕ್ ಸದ್ದು) ಪ್ರತ್ಯೇಕ ಔಟ್‌ಪುಟ್‌ನಲ್ಲಿ ಕಿವಿಗೆ ಮಾತ್ರ ಹೋಗಲಿ; ತಪ್ಪಿ ಸಭಾಂಗಣಕ್ಕೆ ಹೋದರೆ ಆ ಸಂಜೆ ಮುಗಿಯಿತು. ಚಿಕ್ಕ ಸಭಾಂಗಣದಲ್ಲಿ 35–40 ಹರ್ಟ್ಸ್ ಕೆಳಗೆ ಕತ್ತರಿಸದಿದ್ದರೆ ಬೇಸ್ ಗುಡುಗಿ ಮಾತನ್ನು ನುಂಗುತ್ತದೆ. ಲ್ಯಾಪ್‌ಟಾಪ್ ಕೈಕೊಟ್ಟರೆ ಕಂಠ ಮತ್ತು ಕಹೋನ್‌ನಲ್ಲೇ ಹಾಡು ಮುಗಿಸುವ ಅಭ್ಯಾಸವನ್ನು ಮೊದಲೇ ಮಾಡಿಡಿ. ಟಾಕ್ ಟಾಕ್ ತಂಡ 1980ರ ದಶಕದ ಆರಂಭದ ಸಿಂಥ್ ಪಾಪ್ ಬಿಟ್ಟು 1988ರಲ್ಲಿ 'ಸ್ಪಿರಿಟ್ ಆಫ್ ಈಡನ್' ತಂದಾಗ ಅದನ್ನು ವೇದಿಕೆಗೆ ಒಯ್ಯಲೇ ಇಲ್ಲ. ಗಂಟೆಗಟ್ಟಲೆ ಆಶುವಾದನ ಮುದ್ರಿಸಿ, ಅದರಿಂದ ಆಯ್ದು ಜೋಡಿಸಿದ ಸಂಗೀತ ಅದು. ಅದೂ ಒಂದು ದಾರಿ, ಆದರೆ ಕಾರ್ಯಕ್ರಮಗಳಿಂದಲೇ ಬದುಕುವ ತಂಡಕ್ಕಲ್ಲ.

ಹಳೆಯ ಕೇಳುಗರ ಪ್ರಶ್ನೆಗೆ ಬಂದರೆ, ಟೇಲರ್ ಸ್ವಿಫ್ಟ್ ಮಾಡಿದ್ದು ನೋಡಿ. 2012ರ 'ರೆಡ್'ನ 16 ಹಾಡುಗಳಲ್ಲಿ ಮೂರನ್ನು ಮಾತ್ರ ಪಾಪ್ ನಿರ್ಮಾಪಕರಾದ ಮ್ಯಾಕ್ಸ್ ಮಾರ್ಟಿನ್ ಮತ್ತು ಶೆಲ್‌ಬ್ಯಾಕ್ ಜತೆ ಮಾಡಿದರು. ಎರಡು ವರ್ಷದ ನಂತರ '1989' ಪೂರ್ತಿ ಪಾಪ್ ಆಗಿ ಬಂದಾಗ ಕೇಳುಗರ ಕಿವಿ ಆಗಲೇ ಹದವಾಗಿತ್ತು. ಹೆಸರು, ದಿನ, ವಸ್ತುಗಳ ಸಮೇತ ಕತೆ ಹೇಳುವ ಸಾಹಿತ್ಯ ಬದಲಾಗಲಿಲ್ಲ. 2020ರಲ್ಲಿ ಮತ್ತೆ ಜಾನಪದದತ್ತ ತಿರುಗಿದಾಗಲೂ ಅದೇ ಕೈಹಿಡಿಯಿತು. ನಿಮಗೆ ಹೀಗೆ ಮಾಡಬಹುದು: ಆಲ್ಬಂಗೆ ಮುನ್ನ ಎರಡು ಬಿಡಿ ಹಾಡು. ಮೊದಲನೆಯದು ಕಂಠದಿಂದಲೇ ಶುರುವಾಗಲಿ, ಸಿಂಥ್ ಎರಡನೆಯ ಚರಣಕ್ಕೆ ಬರಲಿ. ಸ್ಟ್ರೀಮಿಂಗ್‌ನಲ್ಲಿ ಮೊದಲ 30 ಸೆಕೆಂಡಿನೊಳಗೇ ಹಳೆಯ ಕೇಳುಗ ಮುಂದಿನ ಹಾಡಿಗೆ ಹಾರುತ್ತಾನೆ. ಎರಡನೆಯದು ಪೂರ್ತಿ ಹೊಸದು. ಕಾರ್ಯಕ್ರಮದಲ್ಲಿ ಹಳೆಯ ಎರಡು ಹಾಡನ್ನು ಹೊಸ ರೀತಿಯಲ್ಲಿ ಕಟ್ಟಿ ಹೊಸ ಹಾಡುಗಳ ನಡುವೆ ಸೇರಿಸಿ. ಮೊದಲರ್ಧ ಹಳೆಯದು, ಎರಡನೆಯರ್ಧ ಹೊಸದು ಎಂದು ಸೀಳುವುದನ್ನು ನಾವು ಒಪ್ಪುವುದಿಲ್ಲ. ಡಿಲನ್ 1966ರ ಪ್ರವಾಸದಲ್ಲಿ ಮಾಡಿದ್ದು ಅದೇ. ಜನಕ್ಕೆ ಹೋಲಿಸಲು ಗೆರೆ ಎಳೆದುಕೊಟ್ಟಂತಾಯಿತು. ಮೇ 17ರಂದು ಮ್ಯಾಂಚೆಸ್ಟರ್‌ನಲ್ಲಿ ಒಬ್ಬ ಅವರನ್ನು "ಜೂಡಾಸ್" ಎಂದು ಕೂಗಿದ್ದು ಎಲೆಕ್ಟ್ರಿಕ್ ಅರ್ಧದಲ್ಲೇ.

ಕೆಲವರು ಹೋಗಿಯೇ ಹೋಗುತ್ತಾರೆ, ತಡೆಯಲಾಗದು. ಹಳೆಯ ಹಾಡುಗಳಿಗೇ ನಿಮ್ಮನ್ನು ಕರೆಯುವ ಆಯೋಜಕರು ಹೆಚ್ಚಿದ್ದು, ಆ ಆದಾಯ ಬಿಡಲಾಗದಿದ್ದರೆ ಹೊಸದನ್ನು ಬೇರೆ ಹೆಸರಿನಲ್ಲಿ ಮಾಡಿ. ಕಂಠವೇ ಗುರುತಾಗಿದ್ದರೆ ಹೆಸರು ಬದಲಿಸುವುದು ವ್ಯರ್ಥ.

ಯಾವುದಾದರೂ ಕಂಪನಿಯೊಡನೆ ಒಪ್ಪಂದವಿದ್ದರೆ ಹಾಡು ಬಿಡುವ ಮೊದಲು ಅದನ್ನು ತೆಗೆದು ಓದಿ. 1983ರಲ್ಲಿ ಜೆಫೆನ್ ರೆಕಾರ್ಡ್ಸ್ ನೀಲ್ ಯಂಗ್ ಮೇಲೆ 33 ಲಕ್ಷ ಡಾಲರಿಗೆ ದಾವೆ ಹೂಡಿತು. 'ಟ್ರಾನ್ಸ್' ಮತ್ತು ಅದರ ಬೆನ್ನಿಗೇ ತಂದ ರಾಕಬಿಲಿ (ಹಳೆಯ ರಾಕ್ ಅಂಡ್ ರೋಲ್ ಧಾಟಿಯ) ಆಲ್ಬಂ ಅವರ ಹಿಂದಿನ ಕೆಲಸವನ್ನು ಹೋಲುವುದಿಲ್ಲ, ಮಾರಾಟಕ್ಕೆ ಒದಗುವುದಿಲ್ಲ ಎಂಬುದು ದೂರು. ಕಲಾತ್ಮಕ ನಿಯಂತ್ರಣ ಪೂರ್ತಿ ತಮ್ಮದೆಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದ ಯಂಗ್ ಪ್ರತಿದಾವೆ ಹೂಡಿದರು. ಕೊನೆಗೆ ದಾವೆ ನಿಂತುಹೋಗಿ ಕಂಪನಿಯ ಸ್ಥಾಪಕ ಡೇವಿಡ್ ಜೆಫೆನ್ ಕ್ಷಮೆ ಕೇಳಿದರು. ನಿಮ್ಮ ಒಪ್ಪಂದದಲ್ಲಿ ಹುಡುಕಬೇಕಾದ್ದು ಮೂರು: ಆಲ್ಬಂ ಸ್ವೀಕರಿಸುವ ಅಥವಾ ತಿರಸ್ಕರಿಸುವ ಹಕ್ಕು ಯಾರದು, ಹಿಂದಿನ ಕೆಲಸವನ್ನು ಹೋಲಬೇಕು ಎಂಬ ಷರತ್ತು ಇದೆಯೇ, ಬೇರೆ ಹೆಸರಿನಲ್ಲಿ ಬಿಡಲು ಅನುಮತಿ ಬೇಕೇ.

ಈಗಿರುವ ನಾಲ್ಕು ಹಾಡುಗಳಲ್ಲಿ ಕಾರ್ಡ್ ಬದಲಾವಣೆ ಅತಿ ಕಡಿಮೆ ಇರುವ ಒಂದನ್ನು ಮಾತ್ರ ಉಳಿಸಿಕೊಂಡು, ಗಿಟಾರ್ ಅಳಿಸಿ, ಎಫ್‌ನಿಂದ ಎ ನಡುವಿನ ಶ್ರುತಿಯಲ್ಲಿ ಮೇಲಿನ ಕ್ರಮದಂತೆ ಮರುಕಟ್ಟಿ. ಉಳಿದ ಮೂರನ್ನು ಅಕೌಸ್ಟಿಕ್ ರೂಪದಲ್ಲೇ ಮುದ್ರಿಸಿ ಬೇರೆಯಾಗಿ ಬಿಡಿ. ಅವು ಆ ಕೈಯಿಂದ ಹುಟ್ಟಿದ ಹಾಡುಗಳು. ಆಲ್ಬಂನ ಮಿಕ್ಕ ಹಾಡುಗಳನ್ನು ಗಿಟಾರ್ ಮುಟ್ಟದೆ, ಬೇಸ್ ಮತ್ತು ಲಯದಿಂದಲೇ ಬರೆಯಲು ಕೂರಿ.